ಬಲಗಡೆ ಹೂವಾದ ಪಿಕಪ್

ಹಳೇ ಗಾಡಿ ನೋಡಲು ಹೋಗುವುದಾದರೆ ಬೆಳಿಗ್ಗೆಯೇ ಹೋಗಬೇಕು, ಇಂಜಿನ್ ತಣ್ಣಗಿರುವಾಗ. ಒಮ್ಮೆ ಬಿಸಿಯಾದ ಇಂಜಿನ್ ತನ್ನ ಅರ್ಧ ಕಾಯಿಲೆಯನ್ನು ಬಚ್ಚಿಟ್ಟುಕೊಂಡುಬಿಡುತ್ತದೆ. ಅದಕ್ಕೇ ಮಾರುವವರಿಗೆ ಹಿಂದಿನ ದಿನವೇ ಫೋನ್ ಮಾಡಿ, “ನಾನು ಬರೋವರ್ಗೂ ಕೀ ಮುಟ್ಬೇಡಿ” ಎಂದು ಹೇಳಿಬಿಡುವುದು ನನ್ನ ಪದ್ಧತಿ. ಆ ಬುಧವಾರವೂ ಹಾಗೆಯೇ ಹೇಳಿ, ಬೆಳಿಗ್ಗೆ ಏಳಕ್ಕೆಲ್ಲ ಮತ್ತಿಕೆರೆಯ ನನ್ನ ಗ್ಯಾರೇಜಿನಿಂದ ಸ್ಕೂಟರಿನಲ್ಲಿ ಹೊರಟು ಜಾಲಹಳ್ಳಿಗೆ ಹೋದೆ. ಡಿಕ್ಕಿಯಲ್ಲಿ ಟಾರ್ಚು, ಒಂದು ಸಣ್ಣ ಸುತ್ತಿಗೆ, ಉದ್ದನೆಯ ಸ್ಕ್ರೂಡ್ರೈವರ್, ಕೆಳಗೆ ಹಾಸಿಕೊಳ್ಳಲು ಹಳೇ ಫ್ಲೆಕ್ಸ್ ಇದ್ದವು. ಗಾಡಿ ನೋಡಲು ಇಷ್ಟು ಸಾಕು. ಬೇಕಾದ ಇನ್ನೊಂದು ವಸ್ತುವೆಂದರೆ ಬಾಯಿಗೆ ಬೀಗ. ಅದನ್ನು ಅವತ್ತು ಮನೆಯಲ್ಲೇ ಬಿಟ್ಟು ಹೋಗಿದ್ದೆ.

ಪಿಕಪ್ ಗಾಡಿ ಕೊಳ್ಳುವವರು ಮಾಕಳಿಯ ಅಕ್ಕ ತಮ್ಮ. ಅಕ್ಕನದು ಪಾತ್ರೆ ಬಾಡಿಗೆಯ ಕೆಲಸ. ಮದುವೆ, ಗೃಹಪ್ರವೇಶ, ತಿಥಿ ಏನೇ ಆದರೂ ಆ ಸುತ್ತಿನಲ್ಲಿ ಕೊಪ್ಪರಿಗೆ, ಹಂಡೆ, ಇಡ್ಲಿ ಪಾತ್ರೆ, ಒಲೆ ಎಲ್ಲವೂ ಅವರ ಮನೆಯಿಂದಲೇ ಹೋಗಬೇಕು. ಊರು ಸಿಟಿಯೊಳಗೆ ಸೇರಿಕೊಂಡ ಮೇಲೆ ಯಲಹಂಕ, ಆರ್.ಟಿ. ನಗರದ ಛತ್ರಗಳಿಂದಲೂ ಕರೆ ಬರುತ್ತಿತ್ತು. ಆದರೆ ಬಾಡಿಗೆ ಗಾಡಿಯವರು ಮುಹೂರ್ತದ ದಿನಗಳಲ್ಲಿ ಕೈಕೊಡುತ್ತಿದ್ದರು. ಒಮ್ಮೆ ಹೆಣ್ಣಿನ ಕಡೆಯವರು ಕಾದೂ ಕಾದೂ, ಕೊನೆಗೆ ಹೋಟೆಲಿನಿಂದ ಉಪ್ಪಿಟ್ಟು ತರಿಸಿ ಮರ್ಯಾದೆ ಉಳಿಸಿಕೊಂಡರಂತೆ. ಆ ಅವಮಾನವನ್ನು ಅಕ್ಕ ಮರೆತಿರಲಿಲ್ಲ. ತಮ್ಮ ನಲವತ್ತು ದಾಟಿದವನು, ಹದಿನೈದು ವರ್ಷ ಬೇರೆಯವರ ಗಾಡಿ ಓಡಿಸಿದವನು. ಸ್ವಂತದ್ದು ಅಂತ ಇದೇ ಮೊದಲು.

ಮಾರುವವರು ವಿಜಯಪುರದ ಕಡೆಯವರು, ಜಾಲಹಳ್ಳಿಯಲ್ಲಿ ನೀರಿನ ಕ್ಯಾನ್ ಹಾಕುತ್ತಿದ್ದವರು. ಬೇರೆ ಕೆಲಸ ಹಿಡಿದಿದ್ದರಿಂದ ಗಾಡಿ ಕೊಡುತ್ತಿದ್ದರು. ಹೇಳಿದ ಮಾತಿನಂತೆ ಕೀ ಮುಟ್ಟಿರಲಿಲ್ಲ. ಬಾನೆಟ್ ಮೇಲೆ ಕೈಯಿಟ್ಟರೆ ತಣ್ಣಗೆ ಇಬ್ಬನಿ ಹತ್ತಿತು. ಅವರ ಮೇಲೆ ನನಗೆ ಅಲ್ಲೇ ಅರ್ಧ ನಂಬಿಕೆ ಬಂದುಬಿಟ್ಟಿತು.

ಮೊದಲು ಆಯಿಲ್ ಕಡ್ಡಿ ಎಳೆದು ನೋಡಿದೆ. ಡೀಸೆಲ್ ಗಾಡಿಯ ಆಯಿಲ್ ಕಪ್ಪಗೇ ಇರುತ್ತದೆ, ಆದರೆ ಬೆರಳಲ್ಲಿ ತಿಕ್ಕಿದರೆ ಜಿಡ್ಡು ಸಿಗಬೇಕು, ಮರಳು ಸಿಗಬಾರದು. ಜಿಡ್ಡು ಸಿಕ್ಕಿತು. ರೇಡಿಯೇಟರ್ ಮುಚ್ಚಳ ತೆಗೆದೆ, ನೀರಿನ ಮೇಲೆ ಎಣ್ಣೆ ತೇಲುತ್ತಿರಲಿಲ್ಲ. ಆಮೇಲೆ ತಮ್ಮನಿಗೆ ಸ್ಟಾರ್ಟ್ ಮಾಡಲು ಹೇಳಿ ನಾನು ಸೈಲೆನ್ಸರ್ ಹಿಂದೆ ನಿಂತೆ. ಅರ್ಧ ಸುತ್ತು ತಿರುಗುವಷ್ಟರಲ್ಲೇ ಇಂಜಿನ್ ಹಿಡಿದುಕೊಂಡಿತು. ಒಂದು ತುತ್ತು ಬಿಳಿ ಹೊಗೆ ಬಂದು ನಿಂತುಹೋಯಿತು. ಓಡುತ್ತಿರುವಾಗಲೇ ಆಯಿಲ್ ತುಂಬುವ ಮುಚ್ಚಳ ಬಿಚ್ಚಿ ಅಂಗೈ ಅಡ್ಡ ಹಿಡಿದೆ. ಸವೆದ ಇಂಜಿನ್ನಾದರೆ ಅಲ್ಲಿಂದ ಬುಸುಬುಸು ಅಂತ ಹೊಗೆ ನುಗ್ಗುತ್ತದೆ, ಇದರಲ್ಲಿ ಬರೀ ಬಿಸಿಯುಸಿರು. ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಗಾಡಿ ಥಟ್ಟನೆ ಆಫ್ ಆಯಿತು, ಅಂದರೆ ಕ್ಲಚ್ ಕೂಡ ಜಾರುತ್ತಿರಲಿಲ್ಲ. ಅಷ್ಟು ವರ್ಷ ನೀರು ಹೊತ್ತ ಗಾಡಿಯಲ್ಲಿ ಅಂಥ ಇಂಜಿನ್ ನಾನು ನಿರೀಕ್ಷಿಸಿರಲಿಲ್ಲ. ಖುಷಿಯಾಯಿತು. ಖುಷಿಯಾದಾಗ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ.

“ಅಕ್ಕಾ, ಇಂಜಿನ್ ಬಂಗಾರ!” ಅಂದುಬಿಟ್ಟೆ.

ಅಕ್ಕ ಎರಡೂ ಕೈ ಜೋಡಿಸಿ ಕಣ್ಣು ಮುಚ್ಚಿಕೊಂಡರು. ಕಣ್ಣು ಬಿಟ್ಟಾಗ ಅದರಲ್ಲಿ ನೀರಿತ್ತು.

“ನಿನ್ನೆ ಮಂಗಳವಾರ ಅಮ್ಮನ್ ಗುಡೀಲಿ ಊವು ಕೇಳ್ದೆ ಕಣಣ್ಣಾ. ಈ ಗಾಡೀನ ಮನೆಗೆ ತರ್ಲಾ ತಾಯಿ ಅಂತ. ಕೇಳಿ ಬಾಯ್ ಮುಚ್ಚಿಲ್ಲ, ಬಲಗಡೆ ಕೊಟ್ಬುಟ್ಲು. ಈಗ ನಿಮ್ ಬಾಯಲ್ಲೂ ಮೊದುಲ್ ಮಾತು ಅದೇ ಬಂತು. ಇನ್ನೇನ್ ಬೇಕು?”

ನಾನೇನೂ ದೇವರನ್ನು ನಂಬದವನಲ್ಲ. ಗ್ಯಾರೇಜಿನ ಬಾಗಿಲು ತೆಗೆದು ಊದುಬತ್ತಿ ಹಚ್ಚದೆ ಸ್ಪಾನರ್ ಮುಟ್ಟುವುದಿಲ್ಲ. ದೇವಿಯ ಮೈಮೇಲೆ ಅಂಟಿಸಿದ ಹೂವು ಬಲಕ್ಕೆ ಬಿದ್ದರೆ ಆಗಬಹುದು, ಎಡಕ್ಕೆ ಬಿದ್ದರೆ ಬೇಡ ಎಂಬ ಲೆಕ್ಕದಲ್ಲೇ ನಮ್ಮ ಮನೆಯ ಎರಡು ಮದುವೆ ಆಗಿವೆ. ಆದರೆ ಗಾಡಿ ನೋಡುವವನನ್ನು ಮೊದಲು ಕರೆದು, ಆಮೇಲೆ ದೇವರನ್ನು ಕೇಳುವುದು ಸಾಮಾನ್ಯ ಕ್ರಮ. ಇವರು ಹಿಂದುಮುಂದು ಮಾಡಿದ್ದರು. ಅದು ಅವರ ತಪ್ಪು ಅಂತಲೇ ಇಟ್ಟುಕೊಂಡರೂ, ಅಡಿ ನೋಡುವ ಮೊದಲೇ ಬಾಯಿ ಬಿಟ್ಟದ್ದು ನನ್ನ ತಪ್ಪು. ಮೊದಲು ಬಂದ ಮಾತನ್ನು ಅವರು ದೇವರ ನುಡಿ ಎಂದು ತೆಗೆದುಕೊಳ್ಳುತ್ತಾರೆ ಎಂದು ಗೊತ್ತಿದ್ದೂ ಹಾಗೆ ಮಾಡಿದ್ದೆ.

ಫ್ಲೆಕ್ಸ್ ಹಾಸಿಕೊಂಡು ಗಾಡಿಯ ಕೆಳಗೆ ನುಸುಳಿದೆ. ಚಾಸಿಗೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರು. ಮಾರುವಾಗ ಎಲ್ಲರೂ ಬಳಿಯುತ್ತಾರೆ, ಅದರಿಂದ ಅನುಮಾನ ಪಡಬೇಕಾಗಿಲ್ಲ. ಸುತ್ತಿಗೆಯಿಂದ ತಟ್ಟುತ್ತ ಹಿಂದಕ್ಕೆ ಸರಿದೆ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ. ಎಡಗಡೆ, ಹಿಂದಿನ ಸ್ಪ್ರಿಂಗ್ ಪ್ಲೇಟುಗಳನ್ನು ಚಾಸಿಗೆ ಸೇರಿಸುವ ಜಾಗದ ಸ್ವಲ್ಪ ಮುಂದೆ ಅದು ಡಬ್ ಅಂದಿತು. ಸ್ಕ್ರೂಡ್ರೈವರಿನಿಂದ ಬಣ್ಣ ಕೆರೆದೆ. ಕೆಳಗೊಂದು ತೇಪೆ ಇತ್ತು, ಅಂಗೈಯಗಲದ ಕಬ್ಬಿಣದ ತುಂಡನ್ನು ಇಟ್ಟು ಸುತ್ತಲೂ ವೆಲ್ಡಿಂಗ್ ಮಾಡಿದ್ದರು. ಆ ತೇಪೆಯ ಅಂಚಿನಿಂದ ಕೂದಲೆಳೆಯಂಥ ಬಿರುಕು ಹೊರಟು ಎರಡು ಬೆರಳಿನಷ್ಟು ಮೇಲಕ್ಕೆ ಹತ್ತಿತ್ತು.

ಚಾಸಿ ಅಂದರೆ ಗಾಡಿಯ ಬೆನ್ನುಮೂಳೆ. ಇಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ. ಚಾಸಿ ಮುರಿದರೆ ಗಾಡಿ ನಿಲ್ಲುವುದಿಲ್ಲ, ಓಡುತ್ತಿರುವಾಗಲೇ ಬಾಗುತ್ತದೆ, ಹಿಂದಿನ ಚಕ್ರ ಅಡ್ಡ ತಿರುಗುತ್ತದೆ. ಮಾಕಳಿಯ ಈ ಅಕ್ಕನ ಕೆಲಸದಲ್ಲಿ ಹಿಂದೆ ಬರೀ ಕೊಪ್ಪರಿಗೆ ಇರುವುದಿಲ್ಲ. ಗ್ಯಾಸ್ ಸಿಲಿಂಡರ್ ಇರುತ್ತದೆ, ಪಾತ್ರೆಗಳ ಸಂದಿಯಲ್ಲಿ ಏಳೆಂಟು ಜನ ಅಡುಗೆಯವರು ಕೂತಿರುತ್ತಾರೆ. ತಪ್ಪು ಅಂತ ಎಲ್ಲರಿಗೂ ಗೊತ್ತು, ಎಲ್ಲರೂ ಕೂರಿಸುತ್ತಾರೆ.

ಹೊರಗೆ ಬಂದು ವಿಷಯ ಹೇಳಿದೆ. ಮಾರುವವರು ಬೆಚ್ಚಲಿಲ್ಲ, ಬೇಸರವನ್ನೂ ಮಾಡಿಕೊಳ್ಳಲಿಲ್ಲ.

“ನಾ ಎಲ್ಲಿ ಮುಚ್ಚಿಟ್ಟೇನ್ರಿ? ಎರಡ ವರ್ಷದ ಹಿಂದ ವೆಲ್ಡಿಂಗ್ ಮಾಡಿಸೇನಿ. ಅದರ ಮ್ಯಾಲೆ ದಿನಾ ನೂರ ಕ್ಯಾನ್ ಹೊಡದೇನಿ, ಏನೂ ಆಗಿಲ್ಲ. ನೀವ್ ಕೇಳಿದ್ರ ಹೇಳ್ತಿದ್ನಿ.”

ಅವರು ಸುಳ್ಳು ಹೇಳುತ್ತಿರಲಿಲ್ಲ. ಬಿರುಕು ತೇಪೆಯ ಆಚೆ ಬೆಳೆದದ್ದು ಅವರಿಗೆ ಗೊತ್ತಿರಲೇ ಇಲ್ಲ. ಬೈಯಲು ಒಬ್ಬ ಮೋಸಗಾರ ಇದ್ದಿದ್ದರೆ ನನ್ನ ಕೆಲಸ ಎಷ್ಟೋ ಸುಲಭವಾಗುತ್ತಿತ್ತು.

“ಅಕ್ಕಾ, ಈ ಗಾಡಿ ಬೇಡ,” ಅಂದೆ.

“ಈಗ್ ತಾನೆ ಬಂಗಾರ ಅಂದ್ರಲ್ಲಣ್ಣಾ.”

“ಇಂಜಿನ್ ಬಂಗಾರ ಅಂದೆ. ಚಾಸಿ ನೋಡಿರ್ಲಿಲ್ಲ.”

“ನೀವ್ ನೋಡಿರ್ಲಿಲ್ಲ. ಅಮ್ಮ ನೋಡಿರಲ್ವಾ? ದ್ಯಾವ್ರಿಗೆ ಚಾಸಿ ಕಾಣಲ್ವಾ ಅಣ್ಣಾ?”

ಮೂವತ್ತು ವರ್ಷದಲ್ಲಿ ಮಾಲೀಕರ ಜೊತೆ, ಬ್ರೋಕರ್‌ಗಳ ಜೊತೆ, ಒಮ್ಮೆ ಪೊಲೀಸರ ಜೊತೆಯೂ ವಾದ ಮಾಡಿ ಗೆದ್ದಿದ್ದೇನೆ. ದೇವರ ಜೊತೆ ಮಾತ್ರ ಮಾಡಿರಲಿಲ್ಲ. ಫೋನಿನಲ್ಲಿ ಬಿರುಕಿನ ಫೋಟೋ ತೆಗೆದು ತೋರಿಸಿದೆ. ಅಕ್ಕ ಕನ್ನಡಕ ಏರಿಸಿ ನೋಡಿ, “ಗೋಡೇಲಿ ಬರಲ್ವಾ, ಅಂಗೇ ಐತೆ” ಅಂದರು. ಬೇಕಾದರೆ ಇನ್ನೊಂದು ಸಲ ಹೂವು ಕೇಳಿ, ಚಾಸಿಯ ವಿಷಯ ಬಿಡಿಸಿ ಹೇಳಿ ಕೇಳಿ ಅಂದೆ. ಅದಕ್ಕೆ ಅವರ ಮುಖ ಗಂಭೀರವಾಯಿತು.

“ಕೊಟ್ಟಿದ್ದನ್ನೇ ಎರಡ್ ಸಲ ಕೇಳಿದ್ರೆ ಅನ್ಮಾನ ಪಟ್ಟಂಗೆ. ಅಂಗೆಲ್ಲಾ ಮಾಡ್ಬಾರ್ದು.”

ತಮ್ಮನನ್ನು ಪಕ್ಕಕ್ಕೆ ಕರೆದೆ. ಅವನು ಡ್ರೈವರ್, ಅವನಿಗಾದರೂ ಅರ್ಥವಾಗಬೇಕಿತ್ತು. ಅರ್ಥವೂ ಆಯಿತು. ಫೋಟೋವನ್ನು ದೊಡ್ಡದು ಮಾಡಿ ನೋಡಿ ಫೋನ್ ವಾಪಸ್ ಕೊಟ್ಟ. “ನಿಧಾನವಾಗಿ ಓಡಿಸ್ತೀನಿ ಬುಡಣ್ಣಾ,” ಅಂದ. “ಅಕ್ಕ ಈ ಗಾಡಿ ಅಂತ ಮನ್ಸು ಮಾಡವ್ಳೆ. ನಾನ್ ಬ್ಯಾಡ ಅಂದ್ರೆ ಅಮ್ಮನ್ ಮಾತು ಮೀರ್ದಂಗಾಯ್ತದೆ. ಆಮೇಲ್ ಮನೇಲಿ ಯಾರ್ಗಾದ್ರೂ ಜ್ವರ ಬಂದ್ರೂ ಅದು ನನ್ ತಲೆ ಮ್ಯಾಲೇ.”

ದೇವರು ವರ ಕೊಟ್ಟರೂ ಪೂಜಾರಿ ಕೊಡುವುದಿಲ್ಲ ಅನ್ನುತ್ತಾರೆ. ಇಲ್ಲಿ ಆ ಪೂಜಾರಿಯ ಪಾತ್ರ ನನ್ನದಾಗಿತ್ತು, ಆದರೆ ತಡೆಯುವ ಶಕ್ತಿ ಇರಲಿಲ್ಲ. ಮಾತು ಮುಗಿದು ಎಲೆ ಅಡಿಕೆ ಬದಲಾಯಿತು. ಆ ವಾರವೇ ಗಾಡಿ ಅವರದಾಯಿತು.

ಪೂಜೆ ಮುಗಿಸಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಕೊಟ್ಟು, ಗಾಡಿಯನ್ನು ನೇರ ನನ್ನ ಗ್ಯಾರೇಜಿಗೇ ತಂದರು. ನನ್ನ ಮೇಲೆ ಅವರಿಗೆ ಒಂಚೂರೂ ಮುನಿಸಿರಲಿಲ್ಲ. ಅದು ನನಗೆ ಇನ್ನೂ ಸಂಕಟವಾಯಿತು. ಚಾಸಿ ಕೆಲಸವನ್ನು ಈಗಲೇ ಮಾಡಿಸಿಬಿಡಿ ಎಂದು ಕೇಳಿಕೊಂಡೆ. ಮುಹೂರ್ತಗಳು ಸಾಲಾಗಿವೆ, ಸೀಸನ್ ಮುಗಿಯಲಿ ಅಂದರು. ಕೊನೆಗೆ ಎರಡು ಮಾತು ತೆಗೆದುಕೊಂಡೆ. ಹಿಂದೆ ಜನ ಕೂರಿಸಬಾರದು. ಪ್ರತಿ ಭಾನುವಾರ ಬೆಳಿಗ್ಗೆ ಗಾಡಿ ತಂದು ತೋರಿಸಬೇಕು. ತಮ್ಮ ಎರಡಕ್ಕೂ ತಲೆಯಾಡಿಸಿದ.

ಅಷ್ಟರಲ್ಲಿ ನನ್ನ ಕೈಲಾದದ್ದು ಮಾಡಿದೆ. ಬಿರುಕಿನ ತುದಿ ಎಲ್ಲಿ ಮುಗಿಯುತ್ತದೆ ಎಂದು ಸೀಮೆಎಣ್ಣೆ ಸವರಿ, ಸೀಮೆಸುಣ್ಣ ತಿಕ್ಕಿ ಪತ್ತೆ ಹಚ್ಚಿದೆ. ಒಳಗೆ ಸೇರಿದ ಎಣ್ಣೆ ಸುಣ್ಣದ ಮೇಲೆ ಗೆರೆಯಾಗಿ ಮೂಡುತ್ತದೆ. ಆ ತುದಿಯಲ್ಲಿ ಡ್ರಿಲ್ಲಿಂದ ಸಣ್ಣ ತೂತು ಕೊರೆದೆ. ಬಿರುಕು ತೂತಿಗೆ ಬಂದರೆ ಕೆಲವು ದಿನ ಅಲ್ಲೇ ನಿಲ್ಲುತ್ತದೆ. ತೂತಿನ ಆಚೆ, ಬಿರುಕು ಹೋಗಬಹುದಾದ ದಾರಿಗೆ ಅಡ್ಡಲಾಗಿ ಬಿಳಿ ಬಣ್ಣದಲ್ಲಿ ಒಂದು ತೆಳು ಗೆರೆ ಎಳೆದೆ. ಬಣ್ಣ ಒಣಗಿದ ಮೇಲೆ ಕಬ್ಬಿಣ ಬಿಟ್ಟುಕೊಂಡರೆ ಗೆರೆ ಒಡೆಯುತ್ತದೆ, ಅಷ್ಟೇ ಅದರ ಉಪಯೋಗ. ಅದು ಬಿರುಕನ್ನು ತಡೆಯುವುದಿಲ್ಲ, ಸುದ್ದಿ ಹೇಳುತ್ತದೆ.

ಮೊದಲ ಭಾನುವಾರ ಗೆರೆ ಚೆನ್ನಾಗಿತ್ತು. ತಮ್ಮ ಒಂದು ಡಬ್ಬಿ ಮೈಸೂರ್ ಪಾಕ್ ತಂದಿದ್ದ. ಎರಡನೇ ಭಾನುವಾರವೂ ಗೆರೆ ಚೆನ್ನಾಗಿತ್ತು. ನಡುವಿನ ದಿನಗಳಲ್ಲಿ ಮಾತ್ರ ನನಗೆ ನೆಮ್ಮದಿ ಇರಲಿಲ್ಲ. ಬೆಳಿಗ್ಗೆ ಪೇಪರ್ ತೆಗೆದರೆ ಅಪಘಾತದ ಸುದ್ದಿಯನ್ನೇ ಮೊದಲು ಹುಡುಕುತ್ತಿದ್ದೆ. “ಯಾರ್ದೋ ಗಾಡಿಗೆ ನೀವ್ಯಾಕ್ರೀ ಊಟ ಬಿಡ್ತೀರಾ?” ಎಂದು ಹೆಂಡತಿ ಬೈದಳು. ಯಾರದೋ ಗಾಡಿ ನಿಜ, ಆದರೆ ಬಂಗಾರ ಅಂದ ಬಾಯಿ ನನ್ನದು.

ಆ ವಾರ ಏನೋ ಸಾಮಾನು ತರಲು ಹೋದವನು ಹೆಬ್ಬಾಳದಲ್ಲಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದೆ. ಪಕ್ಕದ ಸಾಲಿನಲ್ಲಿ ನಾಲ್ಕು ಗಾಡಿ ಮುಂದೆ ಅದೇ ಪಿಕಪ್ ನಿಂತಿತ್ತು. ಕೊಪ್ಪರಿಗೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ನಡುವೆ ಆರು ಜನ ಅಡುಗೆಯವರು. ಒಬ್ಬಾತ ಹಂಡೆಯೊಳಗೇ ಆರಾಮಾಗಿ ಕೂತು ಫೋನ್ ನೋಡುತ್ತಿದ್ದ. ಗಾಡಿ ಎಡಕ್ಕೆ ಸ್ವಲ್ಪ ವಾಲಿಕೊಂಡಿತ್ತು. ನಾನು ಹಾರ್ನ್ ಹೊಡೆದೆ, ಕೈ ಬೀಸಿದೆ, ಕೂಗಿದೆ. ತಮ್ಮ ಕನ್ನಡಿಯಲ್ಲಿ ನೋಡಿ ಗುರುತು ಹಿಡಿದು, ಕಿಟಕಿಯಿಂದ ಕೈ ಹೊರಹಾಕಿ ಟಾಟಾ ಮಾಡಿದ. ಅದನ್ನು ಕಂಡು ಹಿಂದಿದ್ದ ಆರು ಜನವೂ ನನಗೆ ಟಾಟಾ ಮಾಡಿದರು. ಸಿಗ್ನಲ್ ಬಿಟ್ಟಿತು, ಅವರು ಹೋದರು. ಸುತ್ತಲೂ ಹಾರ್ನ್ ಶುರುವಾಗಿ, ಯಾರೋ “ಏನ್ ಗುರು, ಇಲ್ಲೇ ಮನೆ ಕಟ್ತೀಯಾ?” ಎಂದು ರೇಗುವವರೆಗೂ ನಾನು ಸ್ಕೂಟರ್ ಮುಂದೆ ಬಿಟ್ಟಿರಲಿಲ್ಲ. ಅಷ್ಟು ಕೈಲಾಗದವನಾಗಿ ನಾನು ಯಾವತ್ತೂ ನಿಂತವನಲ್ಲ.

ಮೂರನೇ ಭಾನುವಾರ ಟಾರ್ಚ್ ಬಿಟ್ಟು ನೋಡಿದೆ. ಗೆರೆ ಒಡೆದಿತ್ತು.

ಬಿರುಕು ತೂತನ್ನು ದಾಟಿ, ಬಿಳಿ ಬಣ್ಣವನ್ನು ಸೀಳಿಕೊಂಡು ಮುಂದೆ ಹೋಗಿತ್ತು. ಈ ಸಲ ಅದು ಕೂದಲೆಳೆಯಲ್ಲ, ಉಗುರು ಸಿಕ್ಕಿಕೊಳ್ಳುವಷ್ಟು ಅಗಲ. ತಮ್ಮನನ್ನು ಕೆಳಗೆ ಮಲಗಿಸಿ ಬೆರಳಿಟ್ಟು ತೋರಿಸಿದೆ. ಅವನ ಮುಖ ಸಣ್ಣಗಾಯಿತು. ಅಕ್ಕನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದ.

“ಅಕ್ಕಾ, ಗಾಡಿ ಇವತ್ತೇ ನಿಲ್ಲಿಸ್ಬೇಕು,” ಅಂದೆ. “ಮುರಿಯುತ್ತೆ. ಯಾವಾಗ ಅಂತ ಹೇಳಕ್ಕಾಗಲ್ಲ, ಮುರಿಯೋದಂತೂ ಖಂಡಿತ.”

“ನಾಳೆ ಯಲಹಂಕದಲ್ಲಿ ದೊಡ್ಡ್ ಮದ್ವೆ ಐತಣ್ಣಾ. ಎಂಟು ಜನ ಅಡುಗೆಯವ್ರು, ಇವತ್ತು ಮಧ್ಯಾಹ್ನವೇ ಓಗ್ಬೇಕು. ಇದೊಂದ್ ಮುಗೀಲಿ. ಮಂಗಳವಾರ ನಿಮ್ಮತ್ರ ಬುಡ್ತೀವಿ.”

“ಇವತ್ತೇ ಆದ್ರೆ ಏನ್ ಮಾಡ್ತೀರಾ?”

“ಆಗಲ್ಲ. ಅಮ್ಮ ಅವ್ಳೆ.”

ಫೋನ್ ಇಟ್ಟ ಮೇಲೆ ತಮ್ಮ ನನ್ನ ಮುಖ ನೋಡಲಿಲ್ಲ. “ಒಂದಿನ ತಾನೆ. ಖಾಲಿ ರೋಡಲ್ಲಿ ನಲವತ್ತರ ಮ್ಯಾಲೆ ಓಡಿಸಲ್ಲ,” ಅಂದ. ಯಲಹಂಕದ ದಾರಿ ಯಾವತ್ತು ಖಾಲಿ ಇತ್ತೋ ಅವನಿಗೇ ಗೊತ್ತು. ಎದುರಿನ ಅಂಗಡಿಗೆ ಟೀ ಕುಡಿಯಲು ಹೋದ. ಕೀ ಗಾಡಿಯಲ್ಲೇ ಇತ್ತು.

ಗ್ಯಾರೇಜಿನಲ್ಲಿ ನಾನೊಬ್ಬನೇ. ಆ ಐದು ನಿಮಿಷವನ್ನು ನಾನು ಇನ್ನೂ ಮರೆತಿಲ್ಲ. ಬೇರೆಯವರ ಗಾಡಿಯನ್ನು ಬೇಕೆಂತಲೇ ಕೆಡಿಸುವುದು ನಮ್ಮ ಕಸುಬಿನಲ್ಲಿ ಅತಿ ಹೀನ ಕೆಲಸ. ಹಾಗೆ ಮಾಡಿ ಬದುಕುವವರು ಇದ್ದಾರೆ, ಅವರ ಜೊತೆ ನಾನು ಟೀ ಕೂಡ ಕುಡಿಯುವುದಿಲ್ಲ. ಮೂವತ್ತು ವರ್ಷ ಗಾಡಿಯ ವಿಷಯದಲ್ಲಿ ಒಂದೂ ಸುಳ್ಳು ಹೇಳಿಲ್ಲ ಅನ್ನುವುದೊಂದೇ ನನ್ನ ಹತ್ತಿರ ಇದ್ದ ಜಂಬ. ಅದನ್ನು ಇಟ್ಟುಕೊಂಡು ಹಂಡೆಯೊಳಗೆ ಕೂತವನನ್ನು ಕಳಿಸಲೇ, ಅದನ್ನು ಬಿಟ್ಟು ಅವನನ್ನು ಉಳಿಸಲೇ? ಡ್ಯಾಶ್‌ಬೋರ್ಡಿನ ಕೆಳಗಿನ ಫ್ಯೂಸ್ ಡಬ್ಬಿ ತೆಗೆದು, ಇಂಜಿನ್ನಿಗೆ ಕರೆಂಟು ಹೋಗುವ ಒಂದು ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡೆ. ಬೆರಳ ತುದಿಯಷ್ಟೂ ಇಲ್ಲದ ಪ್ಲಾಸ್ಟಿಕ್ ತುಂಡು ಅದು.

ತಮ್ಮ ಬಂದು ಕೀ ತಿರುಗಿಸಿದ. ಇಂಜಿನ್ ಸುತ್ತಿತು, ಹಿಡಿಯಲಿಲ್ಲ. ಮತ್ತೆ ತಿರುಗಿಸಿದ. ಐದು ಸಲ ತಿರುಗಿಸಿ ಕೆಳಗಿಳಿದ.

“ಏನಾಯ್ತಣ್ಣಾ?”

ಬಾನೆಟ್ ಎತ್ತಿದೆ. ಡೀಸೆಲ್ ಪೈಪ್ ಸಡಿಲಿಸಿದಂತೆ ಮಾಡಿದೆ, ತಲೆ ಕೆರೆದುಕೊಂಡೆ, ಮತ್ತೆ ಬಿಗಿ ಮಾಡಿದೆ. ಸತ್ಯದ ತಲೆ ಮೇಲೆ ಹೊಡೆದಂತೆ ಸುಳ್ಳು ಹೇಳುವುದು ಅಂದರೆ ಏನೆಂದು ಅವತ್ತು ಗೊತ್ತಾಯಿತು.

“ಡೀಸೆಲ್ ಪಂಪ್ ಹೋಗಿದೆ,” ಅಂದೆ. “ಹೊಸದು ತರ್ಸ್ಬೇಕು. ಎಂಟು ದಿನ ಆಗುತ್ತೆ.”

ಅವನು ಒಂದೂ ಪ್ರಶ್ನೆ ಕೇಳಲಿಲ್ಲ. ಅಕ್ಕನಿಗೆ ಫೋನ್ ಮಾಡಿದ. ಅಕ್ಕನೂ ಕೇಳಲಿಲ್ಲ. “ಅಯ್ಯೋ, ಪಂಪ್ ಓದ್ರೆ ಇನ್ನೇನ್ ಮಾಡಕ್ಕಾಯ್ತದೆ” ಅಂದರು. ಹತ್ತು ನಿಮಿಷದಲ್ಲಿ ನೆಲಮಂಗಲದ ಕಡೆಯಿಂದ ಬಾಡಿಗೆ ಗಾಡಿಯೊಂದು ಗೊತ್ತಾಯಿತು. ಮೂರು ವಾರದಿಂದ ಫೋಟೋ ತೋರಿಸಿ, ಬೆರಳಿಟ್ಟು ತೋರಿಸಿ, ಕೈಮುಗಿದು ಹೇಳಿದ ನಿಜ ನಾಟಲಿಲ್ಲ. ಒಂದೇ ಉಸಿರಿನ ಸುಳ್ಳು ನೇರವಾಗಿ ನಾಟಿತು. ಅದೂ ಯಾವುದರ ಮೇಲೆ? ಆ ಗಾಡಿಯಲ್ಲಿ ಏನೂ ದೋಷವಿಲ್ಲದೆ ಇದ್ದ ಒಂದೇ ವಸ್ತುವಿನ ಮೇಲೆ. ಗೆದ್ದೆ ಅಂತ ಅನ್ನಿಸಲಿಲ್ಲ. ಕಕ್ಕಸಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

“ಹೇಗೂ ಎಂಟು ದಿನ ನಿಂತಿರುತ್ತೆ. ಚಾಸಿನೂ ಮಾಡಿಸ್ಬಿಡೋಣ,” ಅಂದೆ. “ಆಗ್ಲಿ ಬುಡಣ್ಣಾ,” ಅಂದ ತಮ್ಮ. ಅಷ್ಟೇ. ಇಷ್ಟು ದಿನ ಗೋಗರೆದದ್ದಕ್ಕೆ ಸಿಕ್ಕ ಉತ್ತರ ಅದು.

ಹಗ್ಗ ಕಟ್ಟಿ ಎಳೆದುಕೊಂಡು ಯಶವಂತಪುರದ ಚಾಸಿ ಕೆಲಸದವರ ಹತ್ತಿರ ಬಿಟ್ಟೆವು. ಬುಧವಾರ ಅವರು ಹಿಂದಿನ ಬಾಡಿಯ ಬೋಲ್ಟ್‌ಗಳನ್ನು ಬಿಚ್ಚಿ, ಚೈನ್ ಹಾಕಿ ಮೇಲೆತ್ತಿದರು. ನಾನು, ತಮ್ಮ ಇಬ್ಬರೂ ಅಲ್ಲೇ ಇದ್ದೆವು. ಕೆಳಗೆ ಮಲಗಿ ನೋಡಿದಾಗ ಕಾಣದ ಭಾಗ ಮೇಲಿನಿಂದ ಕಂಡಿತು. ತೇಪೆಯ ಹಿಂದೆ, ಅದರ ಮರೆಯಲ್ಲಿ, ಚಾಸಿಯ ಮೇಲ್ಮೈ ಪೂರ್ತಿ ಬಿಟ್ಟುಕೊಂಡಿತ್ತು. ನೀರಿನ ಕ್ಯಾನುಗಳಿಂದ ಇಳಿದ ನೀರು ವರ್ಷಗಟ್ಟಲೆ ಅಲ್ಲಿ ನಿಂತು ಕಬ್ಬಿಣ ಹಪ್ಪಳದಂತಾಗಿತ್ತು. ನಾನು ಎರಡು ಬೆರಳು ಅಂತ ಅಳೆದದ್ದು, ಗೆರೆ ಎಳೆದು ಕಾವಲು ಕೂತದ್ದು, ಎಲ್ಲ ಆ ಬಿರುಕಿನ ಬಾಲಕ್ಕೆ. ಅದರ ತಲೆಯನ್ನು ನಾನು ನೋಡಿಯೇ ಇರಲಿಲ್ಲ. ಎರಡು ಭಾನುವಾರ ನಾನೇ ಕೆಳಗಿಂದ ನೋಡಿ, ಪರವಾಗಿಲ್ಲ ಎಂದು ಕಳಿಸಿದ್ದೆ.

ಚಾಸಿ ಮೇಸ್ತ್ರಿ ಒಂದು ಕಡ್ಡಿಯನ್ನು ಆ ಸೀಳಿಗೆ ಹಾಕಿ ತಿರುಗಿಸಿದರು. ಕೈಯಲ್ಲೇ ಅದು ಅಗಲವಾಯಿತು. “ಇದ್ರ ಮೇಲೆ ಲೋಡ್ ಹಾಕಿದ್ರಾ?” ಎಂದು ಕೇಳಿದರು. ತಮ್ಮ ಹೋಗಿ ಗೋಡೆಗೊರಗಿ ಕೂತ. ನಾನೂ ಅವನ ಪಕ್ಕ ಕೂತೆ.

ಕೊಳೆತ ಭಾಗವನ್ನು ಕತ್ತರಿಸಿ ತೆಗೆದು, ಒಳಗೆ ಕಬ್ಬಿಣದ ಹೊಸ ಚಾನೆಲ್ ಪಟ್ಟಿ ಕೂರಿಸಿ, ಬರೀ ವೆಲ್ಡಿಂಗ್ ನೆಚ್ಚಿಕೊಳ್ಳದೆ ಬೋಲ್ಟ್ ಹಾಕಿ ಬಿಗಿದರು. ಬಲಗಡೆಗೂ ಅಷ್ಟೇ ಉದ್ದದ ಚಾನೆಲ್ ಹಾಕಿಸಿದೆ, ಒಂದೇ ಕಡೆ ಗಟ್ಟಿಯಾದರೆ ಇನ್ನೊಂದು ಕಡೆ ಮುರಿಯುತ್ತದೆ. ಆರು ದಿನ ಹಿಡಿಯಿತು. ದಿನಾ ಬೆಳಿಗ್ಗೆ ಗ್ಯಾರೇಜಿಗೆ ಹೋಗುವ ಮೊದಲು ಅಲ್ಲಿಗೆ ಹೋಗಿ ಒಂದೊಂದು ಬೋಲ್ಟನ್ನೂ ಕೈಯಾರೆ ನೋಡಿದೆ. ಕೊನೆಯ ದಿನ ಯಾರೂ ಇಲ್ಲದಾಗ ಫ್ಯೂಸನ್ನು ಅದರ ಜಾಗದಲ್ಲಿ ಕೂರಿಸಿ, ಗಾಡಿಯನ್ನು ನನ್ನ ಗ್ಯಾರೇಜಿಗೆ ತಂದೆ.

ಗಾಡಿ ಒಯ್ಯಲು ಅಕ್ಕನೂ ಗ್ಯಾರೇಜಿಗೆ ಬಂದಿದ್ದರು. ಕತ್ತರಿಸಿ ತೆಗೆದ ಚಾಸಿಯ ತುಂಡನ್ನು ಅವರಿಗೆ ತೋರಿಸಬೇಕೆಂದೇ ತಂದಿಟ್ಟಿದ್ದೆ. ತುಕ್ಕು ಹಿಡಿದ ಆ ಸೀಳನ್ನು ಅವರು ಬಹಳ ಹೊತ್ತು ನೋಡಿದರು. ಬೆರಳಿಟ್ಟರೆ ಅಂಚು ಪುಡಿಪುಡಿಯಾಗಿ ಉದುರಿತು. ನಾನು ಕಾದೆ. ಈಗಲಾದರೂ, ನೀವು ಹೇಳಿದ್ದು ನಿಜ ಕಣಣ್ಣಾ ಅನ್ನುತ್ತಾರೆ ಎಂದು ಆಸೆಪಟ್ಟೆ. ಮುಚ್ಚಿಡುವುದೇಕೆ, ತುಂಬಾ ಆಸೆಪಟ್ಟೆ.

“ನೋಡಿದ್ರಾ ಅಣ್ಣಾ,” ಅಂದರು. “ಕೈ ಬುಡ್ಲಿಲ್ಲ ತಾಯಿ. ಇಂಗೈತೆ ಅಂತ ನಮ್ಗೆ ಗೊತ್ತಾಗ್ಲಿ ಅಂತ, ಸರಿಯಾದ್ ಒತ್ಗೆ ಪಂಪ್ ಕೆಡಿಸಿ ಗಾಡಿ ನಿಲ್ಸವ್ಳೆ. ಎಂಟ್ ಜೀವ ಉಳಿಸವ್ಳೆ.”

ಹೇಳಿಬಿಡಲೇ ಅನ್ನಿಸಿತು. ಹೇಳಿದರೆ ಏನಾಗುತ್ತಿತ್ತು? ನನ್ನನ್ನು ಮೋಸಗಾರ ಅನ್ನುತ್ತಿದ್ದರು, ಅಥವಾ ನನ್ನ ಕೈಯಲ್ಲೂ ಅಮ್ಮನೇ ಮಾಡಿಸಿದ್ದು ಅನ್ನುತ್ತಿದ್ದರು. ಚಾಸಿ ಮೇಸ್ತ್ರಿಯ ಬಿಲ್ಲನ್ನು ಅಕ್ಕನ ಕೈಗೆ ಕೊಟ್ಟೆ.

“ಪಂಪಿಗೆ ಎಷ್ಟಾಯ್ತು?”

“ಅದೇನ್ ಬೇಡಿ ಅಕ್ಕಾ. ಗೊತ್ತಿರೋರ ಹತ್ರ ಇತ್ತು, ಕೊಟ್ರು.” ಇದು ಎರಡನೇ ಸುಳ್ಳು.

“ಅಂಗಾರೆ ಹಳೇ ಪಂಪ್ ಕೊಡಿ.”

ಬಿಚ್ಚಿದ ಹಳೇ ಸಾಮಾನನ್ನು ಕೇಳಿ ಪಡೆಯದೆ ಗ್ಯಾರೇಜಿನಿಂದ ಹೋಗುವವರು ನಮ್ಮೂರಲ್ಲಿ ಯಾರೂ ಇಲ್ಲ. ಕೊಡದಿದ್ದರೆ ಹೊಸದು ಹಾಕೇ ಇಲ್ಲ ಅನ್ನುತ್ತಾರೆ. ಆ ಮಾತು ನನಗೆ ಹೊಳೆದಿರಲೇ ಇಲ್ಲ. ಒಳಗೆ ಹೋಗಿ ಗುಜರಿ ಡ್ರಮ್ಮಿನಲ್ಲಿ ಕೈಯಾಡಿಸಿದೆ. ಯಾವುದೋ ಕಾಲದ, ಯಾವುದೋ ಟೆಂಪೋದ ಪಂಪೊಂದು ಸಿಕ್ಕಿತು. ಡೀಸೆಲ್ಲಿನಲ್ಲಿ ಅದ್ದಿ ಒರೆಸಿ, ನ್ಯೂಸ್ ಪೇಪರಿನಲ್ಲಿ ಸುತ್ತಿ ತಂದುಕೊಟ್ಟೆ.

ಅಕ್ಕ ಪೇಪರ್ ಬಿಡಿಸಿ, ಎರಡೂ ಕೈಯಲ್ಲಿ ಹಿಡಿದು, ಆ ಪಂಪನ್ನು ಕಣ್ಣಿಗೊತ್ತಿಕೊಂಡರು. “ದ್ಯಾವ್ರ ಮನೇಲಿ ಮಡಗ್ತೀನಿ,” ಅಂದರು.

ತಮ್ಮ ಅದನ್ನು ಅವರ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದ. ಹದಿನೈದು ವರ್ಷ ಗಾಡಿ ಓಡಿಸಿದವನಿಗೆ ಅದು ತನ್ನ ಗಾಡಿಯದಲ್ಲ ಎಂದು ತಿಳಿಯದೆ ಇರಲು ಸಾಧ್ಯವೇ ಇಲ್ಲ. ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. ಅವನು ಪಂಪನ್ನು ಮತ್ತೆ ಪೇಪರಿನಲ್ಲಿ ಸುತ್ತಿ ಅಕ್ಕನ ಮಡಿಲಿಗೆ ಕೊಟ್ಟು, “ಉಷಾರು, ಭಾರ ಐತೆ” ಅಂದ.

ಇಬ್ಬರೂ ಗಾಡಿ ಹತ್ತಿದರು. ಕೀ ತಿರುಗಿಸಿದ್ದೇ ಇಂಜಿನ್ ಹಿಡಿದುಕೊಂಡಿತು. ಅಕ್ಕ ಕಿಟಕಿಯಿಂದ ತಲೆ ಹೊರಹಾಕಿ ಮುಖ ತುಂಬಾ ನಕ್ಕರು.

“ಒಸ ಪಂಪು ಒಸ ಪಂಪೇ ಕಣಣ್ಣಾ. ಕೇಳಿ, ಸದ್ದೇ ಬ್ಯಾರೆ ಐತೆ!”

“ಹೌದಕ್ಕಾ, ಬೇರೆ ಇದೆ,” ಅಂದೆ.